ಎಐ ಸೀಟಿಗಾಗಿ ತೋಟ ಅಡವಿಡಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಎರಡೂವರೆ ಎಕರೆ ತೋಟ ಇದೆ. ಮಗಳು ಒಂದರಿಂದ ಹತ್ತರವರೆಗೆ ನಮ್ಮೂರಲ್ಲೇ ಕನ್ನಡ ಮಾಧ್ಯಮ, ಪಿಯುಸಿ ಶಿವಮೊಗ್ಗದಲ್ಲಿ. ಸಿಇಟಿ ರ‍್ಯಾಂಕ್ 24 ಸಾವಿರದ ಹತ್ತಿರ. ಮಾಕ್ ಅಲಾಟ್‌ಮೆಂಟ್‌ನಲ್ಲಿ (ನಿಜವಾದ ಹಂಚಿಕೆಗೆ ಮೊದಲಿನ ತಾಲೀಮು ಪಟ್ಟಿ) ಹಾಸನದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಬಂದಿದೆ. ಬೆಂಗಳೂರಿನ ಸ್ವಲ್ಪ ಹೆಸರಿರುವ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಸಿಗಬಹುದು ಅನ್ನುತ್ತಾರೆ. ಈ ನಡುವೆ ಒಬ್ಬ ಏಜೆಂಟ್ ದಿನಾ ಫೋನ್ ಮಾಡುತ್ತಿದ್ದಾನೆ. ಬೆಂಗಳೂರಿನ ಇನ್ನೊಂದು ಕಾಲೇಜಲ್ಲಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಎಐ-ಎಂಎಲ್ (ಕೃತಕ ಬುದ್ಧಿಮತ್ತೆ ಮತ್ತು ಮಷೀನ್ ಲರ್ನಿಂಗ್) ಸೀಟ್ ಇದೆಯಂತೆ, ವರ್ಷಕ್ಕೆ ನಾಲ್ಕೂವರೆ ಲಕ್ಷ. 50 ಸಾವಿರ ಕೊಟ್ಟು ಸೀಟ್ ಬ್ಲಾಕ್ ಮಾಡಿ ಅನ್ನುತ್ತಾನೆ. "ಇನ್ನು ನಾಲ್ಕು ವರ್ಷಕ್ಕೆ ಬರೀ ಸಿಎಸ್ ಓದಿದವರನ್ನ ಯಾರೂ ಕೇಳಲ್ಲ, ಕೋಡ್ ಎಲ್ಲಾ ಎಐ ಬರೆಯುತ್ತೆ" ಅಂತ ಹೆದರಿಸುತ್ತಾನೆ. ಬೆಂಗಳೂರಲ್ಲಿರುವ ನಮ್ಮ ಭಾವನವರೂ ಎಐ ತಗೊಳ್ಳಿ ಅನ್ನುತ್ತಾರೆ. ತೋಟದ ಮೇಲೆ ಸಾಲ ತೆಗೆದು ಸೇರಿಸಲಾ? ಮಗಳಿಗೆ ಇಂಗ್ಲಿಷ್ ಭಯ ಬೇರೆ. ಕಾಲೇಜು ಶುರುವಾಗುವ ಮೊದಲು ಏನು ಕಲಿಯಬೇಕು, ಎಂಥ ಲ್ಯಾಪ್‌ಟಾಪ್ ತಗೋಬೇಕು ಅಂತ ಅವಳೂ ಕೇಳುತ್ತಿದ್ದಾಳೆ.

ಉತ್ತರ: ತೋಟ ಅಡವಿಡಬೇಡಿ. ಏಜೆಂಟನಿಗೆ 50 ಸಾವಿರವನ್ನೂ ಕೊಡಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಯಾಕೆ ಅನ್ನೋದು ಆಮೇಲೆ.

ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತದೆ. ಸಿಎಸ್ ಓದಿಸಿದರೆ ಮಗಳು ಹಳೇ ವಿದ್ಯೆ ಹಿಡಿದುಕೊಂಡು ಹೊರಗೆ ಬರುತ್ತಾಳೆ ಅನ್ನೋದು ಒಂದು. ಈಗ ದುಡ್ಡು ಹಾಕದಿದ್ದರೆ ಅಪ್ಪನಾಗಿ ಕೈಚೆಲ್ಲಿದ ಹಾಗೆ ಆಗುತ್ತದೆ ಅನ್ನೋದು ಇನ್ನೊಂದು. ಎರಡನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲ. ಆದರೆ ಏಜೆಂಟ್ ಮೀಟುತ್ತಿರುವುದು ಅದೇ ತಂತಿಯನ್ನು. ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಿದ್ದೇನೆ. ಪ್ರತಿ ಜೂನ್-ಜುಲೈನಲ್ಲಿ ಇಂಥ ಅಪ್ಪಂದಿರು ಫೈಲ್ ಹಿಡಿದು ಡಿಪಾರ್ಟ್‌ಮೆಂಟ್ ಬಾಗಿಲಲ್ಲಿ ನಿಂತಿರುತ್ತಾರೆ.

ಸಿಎಸ್ ಹಳೇದು, ಎಐ ಹೊಸದು ಅನ್ನುವ ಮಾತನ್ನೇ ಮೊದಲು ನೋಡೋಣ. ಎಐ ಅನ್ನುವ ಹೆಸರು ಬಳಕೆಗೆ ಬಂದದ್ದು 1956ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಒಂದು ಸಭೆಯ ಹೊತ್ತಿಗೆ. ಉದಾಹರಣೆ ನೋಡಿ ನೋಡಿ ಕಲಿಯುವ ಇವತ್ತಿನ ನ್ಯೂರಲ್ ನೆಟ್‌ವರ್ಕ್‌ಗಳಿಗೆ ಕಲಿಸುವ ಮುಖ್ಯ ವಿಧಾನವನ್ನು ಜನ ಹಿಡಿದುಕೊಂಡದ್ದು 1986ರ ಒಂದು ಪ್ರಬಂಧದಿಂದ. ಆಮೇಲೆ ಬದಲಾದದ್ದು ಮುಖ್ಯವಾಗಿ ಎರಡು: ಇಂಟರ್‌ನೆಟ್‌ನಿಂದ ರಾಶಿ ರಾಶಿ ಡೇಟಾ ಸಿಕ್ಕಿತು, ಲೆಕ್ಕ ಮಾಡುವ ಯಂತ್ರ ಅಗ್ಗವಾಯಿತು. 2012ರಲ್ಲಿ ಫೋಟೋ ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದ ಅಲೆಕ್ಸ್‌ನೆಟ್ ತಯಾರಾದದ್ದು ಹುಡುಗರು ಗೇಮ್ ಆಡಲು ಕೊಳ್ಳುವ ಎರಡು ಗ್ರಾಫಿಕ್ಸ್ ಕಾರ್ಡ್ ಮೇಲೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಇದನ್ನೆಲ್ಲ ಕಟ್ಟಿದವರಲ್ಲಿ ಹೆಚ್ಚಿನವರು ಓದಿದ್ದು ಕಂಪ್ಯೂಟರ್ ಸೈನ್ಸ್, ಗಣಿತ, ಭೌತಶಾಸ್ತ್ರ. ಅವರು ಓದುವಾಗ ಎಐ-ಎಂಎಲ್ ಅನ್ನುವ ಬ್ರಾಂಚೇ ಇರಲಿಲ್ಲ.

ನಿಮ್ಮ ತೋಟದಲ್ಲೇ ನೋಡಿ, ಕಾಳುಮೆಣಸಿನ ಬಳ್ಳಿ ಅಡಿಕೆ ಮರ ಹಿಡಿದೇ ಏರಬೇಕು. ಎಐಗೂ ಸಿಎಸ್‌ಗೂ ಇರುವ ಸಂಬಂಧ ಅಷ್ಟೇ. ಡೇಟಾ ಸ್ಟ್ರಕ್ಚರ್ಸ್, ಅಲ್ಗಾರಿದಂ, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಇದರ ಜೊತೆ ಗಣಿತ. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಸಿಲೆಬಸ್ ತೆಗೆದು ಎರಡು ಬ್ರಾಂಚಿನದನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮೊದಲ ಎರಡು ವರ್ಷ ಬಹುಪಾಲು ಒಂದೇ. ಸಿಲೆಬಸ್ ತಾವೇ ಮಾಡಿಕೊಳ್ಳುವ ಅಟಾನಮಸ್ ಕಾಲೇಜುಗಳಲ್ಲಿ ಸ್ವಲ್ಪ ಆಚೀಚೆ ಇರುತ್ತದೆ. ಮೂರನೇ ವರ್ಷದಿಂದ ಎಐ ಬ್ರಾಂಚಿನಲ್ಲಿ ನಾಲ್ಕೈದು ವಿಷಯ ಬದಲಾಗುತ್ತವೆ. ಅದರಲ್ಲಿ ಒಂದೆರಡನ್ನು ಸಿಎಸ್ ಮಕ್ಕಳೂ ಎಲೆಕ್ಟಿವ್ ಆಗಿ ತಗೊಳ್ಳಬಹುದು. ನಾಲ್ಕೈದು ವಿಷಯಕ್ಕೆ ಇಷ್ಟು ದುಡ್ಡಾ ಅಂತ ಕೇಳಿಕೊಳ್ಳಿ.

ಹಾಗಾದರೆ ಎಲ್ಲ ಕಾಲೇಜಲ್ಲೂ ಈ ಬ್ರಾಂಚ್ ಯಾಕೆ ಹುಟ್ಟಿಕೊಂಡಿತು? ನನಗೆ ಕಂಡಂತೆ ಇದರಲ್ಲಿ ವಿದ್ಯೆಗಿಂತ ವ್ಯವಹಾರ ಜಾಸ್ತಿ. ಮೆಕ್ಯಾನಿಕಲ್, ಸಿವಿಲ್ ಸೀಟುಗಳು ಖಾಲಿ ಬಿದ್ದವು. ಸಿಎಸ್‌ಗೆ ನೂಕುನುಗ್ಗಲು. ಆದರೆ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅಂತ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಮಿತಿ ಇಟ್ಟಿತ್ತು. ಹಾಗಾಗಿ ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ಹೊಸ ಹೊಸ ಹೆಸರಲ್ಲಿ ಸೀಟು ಬಂದವು. ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಆ ಮಿತಿ ತೆಗೆದದ್ದು 2024-25ರಲ್ಲಿ. ಪಾಠ ಮಾಡುವವರು ಯಾರು ಅಂದರೆ, ಬಹಳ ಕಡೆ ಅದೇ ಸಿಎಸ್ ಡಿಪಾರ್ಟ್‌ಮೆಂಟಿನ ಮೇಷ್ಟ್ರು, ಬಾಗಿಲಿನ ಬೋರ್ಡ್ ಮಾತ್ರ ಹೊಸದು. ಎಲ್ಲ ಕಡೆ ಹೀಗೇ ಅಂತಲ್ಲ. ಐಐಟಿ ಹೈದರಾಬಾದ್ 2019ರಲ್ಲೇ ಎಐ ಬಿ.ಟೆಕ್ ಶುರು ಮಾಡಿತು. ಅಲ್ಲಿ ಆ ವಿಷಯದಲ್ಲೇ ಸಂಶೋಧನೆ ಮಾಡುವವರು ಪಾಠ ಮಾಡುತ್ತಾರೆ, ಅದು ಬೇರೆ ಮಾತು. ನಮ್ಮಲ್ಲೂ ಗಟ್ಟಿ ಡಿಪಾರ್ಟ್‌ಮೆಂಟ್‌ಗಳಿವೆ. ಆದರೆ ನಿಮಗೆ ಫೋನ್ ಮಾಡುವ ಏಜೆಂಟ್ ಅದನ್ನು ನೋಡಿ ಹೇಳುತ್ತಿಲ್ಲ. ಅವನಿಗೆ ಕಮಿಷನ್ ಇರುವ ಸೀಟು ಅದು.

ಈಗ "ಕೋಡ್ ಎಲ್ಲಾ ಎಐ ಬರೆಯುತ್ತೆ" ಅನ್ನುವ ಮಾತು. ಇದರಲ್ಲಿ ಅರ್ಧ ನಿಜ ಇದೆ, ಮುಚ್ಚಿಡುವುದಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ಕಂಪನಿಗಳು ಕೊಡುತ್ತಿದ್ದ ಸಣ್ಣಪುಟ್ಟ ಕೆಲಸವನ್ನು ಎಐ ಈಗ ನಿಮಿಷದಲ್ಲಿ ಮಾಡುತ್ತದೆ. ಫ್ರೆಶರ್‌ಗಳನ್ನು ಹಿಂಡು ಹಿಂಡಾಗಿ ತಗೊಳ್ಳುವ ಕಾಲ ಮುಗಿಯುತ್ತಾ ಬಂದಿದೆ. 2025ರ ಜುಲೈನಲ್ಲಿ ಟಿಸಿಎಸ್ 12 ಸಾವಿರಕ್ಕೂ ಜಾಸ್ತಿ ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೋದವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಇದಕ್ಕೆ ಎಐ ಕಾರಣ ಅಲ್ಲ, ಕೌಶಲ ಹೊಂದಿಕೆಯಾಗಲಿಲ್ಲ ಅಂತ ಕಂಪನಿ ಹೇಳಿತು. ಕಾರಣ ಏನೇ ಇರಲಿ, ಬ್ರಾಂಚಿನ ಹೆಸರು ನೋಡಿ ಯಾರನ್ನೂ ಉಳಿಸಿಕೊಳ್ಳುವುದಿಲ್ಲ. ಎಐ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಎಐ ನಿಮ್ಮ ಕೆಲಸ ಬಿಟ್ಟು ಪಕ್ಕದವನ ಕೆಲಸ ತಿನ್ನುತ್ತದೆ ಅಂದುಕೊಂಡರೆ ಅದು ಭ್ರಮೆ.

ಇನ್ನು ನಾಲ್ಕು ವರ್ಷಕ್ಕೆ ಹೀಗಾಗುತ್ತೆ, ಹಾಗಾಗುತ್ತೆ ಅನ್ನುವ ಭವಿಷ್ಯವನ್ನೂ ಸ್ವಲ್ಪ ದೂರ ಇಡಿ. ಜೆಫ್ರಿ ಹಿಂಟನ್ ಈ ಕ್ಷೇತ್ರದ ದೊಡ್ಡ ತಲೆ, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. 2016ರಲ್ಲಿ ಅವರು, ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವುದನ್ನೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರಿಗಿಂತ ಚೆನ್ನಾಗಿ ಎಕ್ಸ್‌ರೇ ಓದುತ್ತದೆ ಎಂಬರ್ಥದ ಮಾತು ಹೇಳಿದ್ದರು. ರೇಡಿಯಾಲಜಿಸ್ಟ್‌ಗಳಿಗೆ ಇವತ್ತಿಗೂ ಬೇಡಿಕೆ ಇದೆ. ಅವರ ಲೆಕ್ಕವೇ ತಪ್ಪಿದ ಮೇಲೆ ಏಜೆಂಟನ ಭವಿಷ್ಯ ಎಷ್ಟರದ್ದು?

ಹಾಗಾದರೆ ಯಾರು ಬಾಳುತ್ತಾರೆ? ಎಐ ಕೊಟ್ಟ ಉತ್ತರ ಸರಿಯೋ ತಪ್ಪೋ ಹೇಳಬಲ್ಲವರು. ಇದಕ್ಕೆ ನಾನು ಪ್ರತಿ ವರ್ಷ ನೋಡುವ ಒಂದು ವಿಷಯ ಹೇಳಬೇಕು. ಕೊನೇ ವರ್ಷದ ಪ್ರಾಜೆಕ್ಟ್ ವೈವಾಗೆ (ಮೌಖಿಕ ಪರೀಕ್ಷೆ) ಯಾವ ಕಾಲೇಜಿಗೆ ಹೋದರೂ ಎಲೆಯ ಫೋಟೋ ನೋಡಿ ರೋಗ ಹೇಳುವ ಪ್ರಾಜೆಕ್ಟ್ ಒಂದಾದರೂ ಇರುತ್ತದೆ. "ಆಕ್ಯುರೆಸಿ ಎಷ್ಟು?" ಅಂದರೆ "98 ಪರ್ಸೆಂಟ್ ಸರ್" ಅನ್ನುತ್ತಾರೆ. ಹೆಚ್ಚಿನವರು ಬಳಸುವುದು ಪ್ಲಾಂಟ್‌ವಿಲೇಜ್ ಅನ್ನುವ ಫೋಟೋ ಸಂಗ್ರಹ. 14 ಬೆಳೆ, 54 ಸಾವಿರಕ್ಕೂ ಜಾಸ್ತಿ ಫೋಟೋ. ಎಲೆ ಕಿತ್ತು, ಸಾದಾ ಹಿನ್ನೆಲೆಯ ಮೇಲೆ ಇಟ್ಟು ತೆಗೆದದ್ದು. 2016ರಲ್ಲಿ ಈ ಸಂಗ್ರಹದ ಮೇಲೆ ಬಂದ ಒಂದು ಪ್ರಬಂಧದಲ್ಲಿ ಶೇ 99.35 ಸರಿ ಉತ್ತರ ಬಂತು. ಅದೇ ಪ್ರಬಂಧದಲ್ಲಿ ಇನ್ನೊಂದು ಅಂಕಿಯೂ ಇದೆ: ಬೇರೆ ಕಡೆ, ಬೇರೆ ರೀತಿ ತೆಗೆದ ಫೋಟೋ ಕೊಟ್ಟಾಗ ಅದು ಶೇ 31ರ ಆಸುಪಾಸಿಗೆ ಬಿತ್ತು. ನಮ್ಮ ಮಕ್ಕಳು ಮೊದಲ ಅಂಕಿ ಓದಿರುತ್ತಾರೆ, ಎರಡನೆಯದನ್ನು ಓದಿರುವುದಿಲ್ಲ. "ನಿಮ್ಮೂರ ಹೊಲದ ಒಂದು ಎಲೆ ಫೋಟೋ ಹಾಕಿ ನೋಡಿದ್ದೀರಾ?" ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ 14 ಬೆಳೆಗಳಲ್ಲಿ ಸೇಬು ಇದೆ, ಸ್ಟ್ರಾಬೆರಿ ಇದೆ. ಅಡಿಕೆಯೂ ಇಲ್ಲ, ಭತ್ತವೂ ಇಲ್ಲ.

ಯಾಕೆ ಹೀಗೆ ಬೀಳುತ್ತದೆ? ಕಲಿಸಲು ಬಳಸಿದ ಫೋಟೋ, ಪರೀಕ್ಷೆಗೆ ಇಟ್ಟ ಫೋಟೋ ಎರಡೂ ಒಂದೇ ರಾಶಿಯವು. ಅದೇ ಬೆಳಕು, ಅದೇ ಹಿನ್ನೆಲೆ. ರೋಗದ ಜೊತೆಗೆ ಅದನ್ನೂ ಯಂತ್ರ ಕಲಿತುಬಿಡುತ್ತದೆ. ತೋಟದಲ್ಲಿ ಮೋಡ ಇರುತ್ತದೆ, ಎಲೆ ಮೇಲೆ ಎಲೆ ಬಿದ್ದಿರುತ್ತದೆ, ಎಲ್ಲಾ ಅಡಿಮೇಲು. ಇದನ್ನು ಹಿಡಿಯಲು ಬೇಕಾದದ್ದು ಸಂಭವನೀಯತೆ, ಸಂಖ್ಯಾಶಾಸ್ತ್ರ, ಮತ್ತೆ ಒಂಚೂರು ಅನುಮಾನದ ಬುದ್ಧಿ. ಅದು ಸಿಎಸ್‌ನಲ್ಲೂ ಬರುತ್ತದೆ, ಎಐ ಬ್ರಾಂಚಲ್ಲೂ ಬರುತ್ತದೆ, ಎಲೆಕ್ಟ್ರಾನಿಕ್ಸ್‌ನಲ್ಲೂ ಬರುತ್ತದೆ. ಕಾಪಿ ಹೊಡೆದರೆ ಎಲ್ಲೂ ಬರುವುದಿಲ್ಲ. ನಿಮ್ಮ ಮಗಳು ಎಲೆಚುಕ್ಕೆ ರೋಗ ಕಣ್ಣಾರೆ ಕಂಡವಳು. ಇಂಥ ಪ್ರಶ್ನೆ ಕೇಳುವುದು ಅವಳಿಗೆ ಬೆಂಗಳೂರಿನ ಮಕ್ಕಳಿಗಿಂತ ಸುಲಭ, ಅಲ್ವಾ?

ಈಗ ದುಡ್ಡಿನ ಮಾತು. ವರ್ಷಕ್ಕೆ ನಾಲ್ಕೂವರೆ ಅಂದರೆ ನಾಲ್ಕು ವರ್ಷಕ್ಕೆ 18 ಲಕ್ಷ. ಬೆಂಗಳೂರಿನ ಪಿಜಿ, ಊಟ, ಓಡಾಟ ಸೇರಿಸಿದರೆ 22-24 ಲಕ್ಷ ದಾಟುತ್ತದೆ. ಅದರಲ್ಲಿ 20 ಲಕ್ಷ ಸಾಲ ಅಂತಿಟ್ಟುಕೊಳ್ಳಿ. ಶೇ 10 ಬಡ್ಡಿ, ಹತ್ತು ವರ್ಷದ ಕಂತು. ತಿಂಗಳಿಗೆ ಸುಮಾರು 26,400 ರೂಪಾಯಿ. ಓದುವ ನಾಲ್ಕು ವರ್ಷದ ಬಡ್ಡಿ ಇದರಲ್ಲಿ ಸೇರಿಲ್ಲ. ದೊಡ್ಡ ಸರ್ವೀಸ್ ಕಂಪನಿಗಳು ಫ್ರೆಶರ್‌ಗೆ ಕೊಡುವ ಸಂಬಳ ವರ್ಷಾನುಗಟ್ಟಲೆಯಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಇದೆ. ಕೈಗೆ ಸಿಗುವುದು ತಿಂಗಳಿಗೆ 25 ಸಾವಿರದ ಹತ್ತಿರ. ಅಂದರೆ ಕೆಲಸ ಸಿಕ್ಕಿದರೂ ಪೂರ್ತಿ ಸಂಬಳ ಕಂತಿಗೆ ಹೋಗುತ್ತದೆ. ಸಿಗದಿದ್ದರೆ ಬ್ಯಾಂಕಿನವರು ತೋಟದ ಕಡೆ ನೋಡುತ್ತಾರೆ. ಅಡಿಕೆ ರೇಟು ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರಲ್ಲ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಹಾಗಂತ ಸಾಲವೇ ಕೆಟ್ಟದ್ದು ಅಂತಲ್ಲ. ಸಿಇಟಿ ಸೀಟಿಗೆ ಶಿಕ್ಷಣ ಸಾಲ ತೆಗೆಯಿರಿ. ಏಳೂವರೆ ಲಕ್ಷದವರೆಗೆ ಅಡಮಾನ ಇಲ್ಲದೆ ಬ್ಯಾಂಕ್ ಕೊಡುವ ವ್ಯವಸ್ಥೆ ಇದೆ. ಮೆರಿಟ್ ಸೀಟು ಅಂದರೆ ಮ್ಯಾನೇಜರ್ ಮುಖವೂ ಸ್ವಲ್ಪ ಸಡಿಲ ಇರುತ್ತದೆ. ಎಸ್‌ಎನ್‌ಕ್ಯೂ ಅಂತ ಒಂದಿದೆ, ಪ್ರತಿ ಕಾಲೇಜಿನಲ್ಲೂ ಒಂದಿಷ್ಟು ಹೆಚ್ಚುವರಿ ಸೀಟಿಗೆ ಬೋಧನಾ ಶುಲ್ಕ ಮಾಫಿ. ನಿಮ್ಮ ಆದಾಯಕ್ಕೆ ಬರುತ್ತದಾ ವಿಚಾರಿಸಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸಾಲು ಬೇರೆ. ಮಗಳು ಒಂದರಿಂದ ಹತ್ತರವರೆಗೆ ಊರಲ್ಲೇ, ಕನ್ನಡ ಮಾಧ್ಯಮದಲ್ಲೇ ಓದಿದ್ದಾಳೆ ಅಂದಿರಿ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮ ಕೋಟಾ ಶೇ 5. ಎರಡೂ ಕ್ಲೈಮ್ ಆಗಿದೆಯಾ? ಅರ್ಜಿಯಲ್ಲೇ ಕೇಳಿರಬೇಕು, ಬಿಇಒ ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಇರಬೇಕು. ಈಗಲೇ ವೆರಿಫಿಕೇಶನ್ ಸ್ಲಿಪ್ ತೆಗೆದು ನೋಡಿ. ಸಿಇಟಿ ನಡೆಸುವ ಕೆಇಎ ಕಳೆದ ವರ್ಷದ ಕಟ್‌ಆಫ್ ಪಟ್ಟಿ ಹಾಕಿರುತ್ತದೆ. ಅದರಲ್ಲಿ ನಿಮ್ಮ ಕೆಟಗರಿ ಕೋಡಿನ ಕೊನೆಗೆ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಎಷ್ಟೋ ಜನ ಜನರಲ್ ಕಾಲಂ ನೋಡಿಯೇ "ನಮಗೆ ಸಿಗಲ್ಲ" ಅಂತ ಪಟ್ಟಿ ಮಡಚಿಡುತ್ತಾರೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಹಾಸನದ ಸಿಎಸ್ ಸೀಟನ್ನೇ ನಾನು ಮೊದಲು ಇಡುತ್ತೇನೆ. ತೊಂದರೆ ಇಲ್ಲ ಅಂತಲ್ಲ. ಬೆಂಗಳೂರಿಗೆ ಬರುವಷ್ಟು ಕಂಪನಿಗಳು ಅಲ್ಲಿಗೆ ಬರುವುದಿಲ್ಲ. ಮೂರನೇ ವರ್ಷದಿಂದ ಅವಳೇ ಹೊರಗಿನ ಪರೀಕ್ಷೆ, ಇಂಟರ್ನ್‌ಶಿಪ್ ಹುಡುಕಿಕೊಂಡು ಹೋಗಬೇಕು. ಸುಮ್ನೆ ಕೂತರೆ ಯಾರೂ ಕರೆಯುವುದಿಲ್ಲ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸೀಟನ್ನು ಜನ ಸುಮ್ನೆ ಕಡೆಗಣಿಸುತ್ತಾರೆ. ಅದರಲ್ಲಿ ಗಣಿತ ಗಟ್ಟಿ ಇರುತ್ತದೆ, ಚಿಪ್ ಕಡೆಗೂ ಹೋಗಬಹುದು, ಸಾಫ್ಟ್‌ವೇರ್ ಕಂಪನಿಗಳೂ ತಗೊಳ್ಳುತ್ತವೆ. ಆದರೆ ಅವಳಿಗೆ ಪಿಯುಸಿ ಭೌತಶಾಸ್ತ್ರದಲ್ಲಿ ಕರೆಂಟು, ಸರ್ಕ್ಯೂಟು ಇಷ್ಟ ಆಗಿತ್ತಾ ಕೇಳಿ. ಇಲ್ಲ ಅಂದರೆ ಸಿಗ್ನಲ್ಸ್, ಕಂಟ್ರೋಲ್ ಸಿಸ್ಟಂ ಪೇಪರ್‌ಗಳು ಜೀವ ತಿನ್ನುತ್ತವೆ.

ಸಿಇಟಿಯಿಂದಲೇ ಎಐ-ಎಂಎಲ್ ಸಿಕ್ಕಿದರೆ? ತಗೊಳ್ಳಬಹುದು, ಆ ಬ್ರಾಂಚಿನ ಮೇಲೆ ನನಗೇನೂ ಜಗಳ ಇಲ್ಲ. ಒಂದೇ ಎಚ್ಚರ: ಕೆಲವು ಸರ್ಕಾರಿ ಹುದ್ದೆಗಳ ಅಧಿಸೂಚನೆಯಲ್ಲಿ ಬ್ರಾಂಚಿನ ಹೆಸರನ್ನು ಅಕ್ಷರಕ್ಕೆ ಅಕ್ಷರ ನೋಡುತ್ತಾರೆ. ಅಲ್ಲಿ ಹೊಸ ಹೆಸರಿನವರಿಗೆ "ಇದು ಸಿಎಸ್‌ಗೆ ಸಮ" ಅಂತ ತೋರಿಸುವ ಕೆಲಸ ಬೀಳಬಹುದು. ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಗೆ ಆ ಸಮಸ್ಯೆ ಇಲ್ಲ. 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೆ ಬೇರೆ ಪೇಪರೇ ಇದೆ, ಸಿಎಸ್ ಓದಿದವರೂ ಅದನ್ನು ಬರೆಯಬಹುದು.

ಒಂದು ವರ್ಷ ಬಿಟ್ಟು ಮತ್ತೆ ಸಿಇಟಿ ಬರೆಸುವ ಯೋಚನೆ ಇದ್ದರೆ, ಈ ರ‍್ಯಾಂಕಿಗೆ ಅದು ಬೇಡ. ಇನ್ನೊಂದು, ಐಐಟಿ ಮದ್ರಾಸ್ ಆನ್‌ಲೈನಲ್ಲಿ ಡೇಟಾ ಸೈನ್ಸ್ ಬಿಎಸ್ ನಡೆಸುತ್ತದೆ. ಪಿಯುಸಿ ಆದವರು ಅರ್ಹತಾ ಹಂತ ದಾಟಿ ಸೇರಬಹುದು. ಒಳ್ಳೇದೇ. ಆದರೆ ಎಂಜಿನಿಯರಿಂಗ್ ಜೊತೆ ಮೊದಲ ವರ್ಷವೇ ಎರಡನ್ನೂ ತಲೆಗೆ ಹಾಕಿಕೊಂಡು ಎರಡರಲ್ಲೂ ಸೋತವರನ್ನು ನೋಡಿದ್ದೇನೆ.

ಯಾವ ಕಾಲೇಜಾದರೂ ಸೇರುವ ಮೊದಲು ಒಂದು ಕೆಲಸ ಮಾಡಿ. ಬ್ರೋಷರ್‌ನಲ್ಲಿ "ಅತಿ ಹೆಚ್ಚು ಪ್ಯಾಕೇಜ್" ಅಂತ ಒಬ್ಬ ಹುಡುಗನ ಫೋಟೋ ಇರುತ್ತದೆ, ಅದನ್ನು ನೋಡಬೇಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕಿದ ಕಾಲೇಜುಗಳು ಅದಕ್ಕೆ ಕೊಟ್ಟ ಮಾಹಿತಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಅದರಲ್ಲಿ ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮಧ್ಯದವನ ಸಂಬಳ (ಮೀಡಿಯನ್) ಎಷ್ಟು ಅಂತ ಇರುತ್ತದೆ. ನಿಮಗೆ ಬೇಕಾದದ್ದು ಆ ಮಧ್ಯದವನ ಸಂಬಳ. ಗುಣಮಟ್ಟ ನೋಡಿ ಕೊಡುವ ಎನ್‌ಬಿಎ ಮಾನ್ಯತೆ ಬ್ರಾಂಚಿಗೊಂದರಂತೆ ಕೊಡುತ್ತಾರೆ, ಬ್ಯಾಚ್ ಹೊರಗೆ ಬರದ ಬ್ರಾಂಚಿಗೆ ಅದು ಸಿಗುವುದಿಲ್ಲ. ನಿಮಗೆ ತೋರಿಸುವ ನ್ಯಾಕ್ ಗ್ರೇಡ್ ಇಡೀ ಕಾಲೇಜಿನದು, ಆ ಬ್ರಾಂಚಿನದಲ್ಲ. ಮತ್ತೆ, ಅಡ್ಮಿಶನ್ ಕೌಂಟರ್ ಬಿಟ್ಟು ಕ್ಯಾಂಟೀನಿಗೆ ಹೋಗಿ ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಮೇಷ್ಟ್ರು ಕ್ಲಾಸಿಗೆ ಬರುತ್ತಾರಾ, ಲ್ಯಾಬ್ ಸಂಜೆ ತೆಗೆದಿರುತ್ತದಾ? ಅವರು ಸುಳ್ಳು ಹೇಳುವುದಿಲ್ಲ, ಕೇಳಿದ್ದಕ್ಕಿಂತ ಜಾಸ್ತಿಯೇ ಹೇಳುತ್ತಾರೆ.

ಅಲಾಟ್‌ಮೆಂಟ್ ಬಂದಾಗ ಚಾಯ್ಸ್ ಆರಿಸುವುದರಲ್ಲಿ ಅವಸರ ಬೇಡ. ಹಾಸನದ ಸೀಟು ಕೈಬಿಡದೆ ಅದಕ್ಕಿಂತ ಮೇಲಿಟ್ಟ ಆಪ್ಷನ್‌ಗೆ ಕಾಯುವುದಾದರೆ ಚಾಯ್ಸ್ 2. ಚಾಯ್ಸ್ 3 ಒತ್ತಿದರೆ ಸಿಕ್ಕ ಸೀಟು ಹೋಯಿತು ಅಂತಲೇ ಲೆಕ್ಕ. ಸೈಬರ್ ಕೆಫೆಯವರು ಒತ್ತುವ ಮೊದಲು ಪಕ್ಕದಲ್ಲಿ ನಿಂತು ಓದಿ.

ಇಂಗ್ಲಿಷ್ ಭಯ ನಿಜವಾದದ್ದು, ಮೊದಲ ಸೆಮಿಸ್ಟರ್ ಕಷ್ಟವೇ. ನನ್ನ ಕ್ಲಾಸಿನ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಹೆಚ್ಚಿನವರಿಗೆ ವಿಷಯ ಗೊತ್ತಿರುತ್ತದೆ. ವೈವಾದಲ್ಲಿ ಬಾಯಿ ಬರುವುದಿಲ್ಲ, ಅಷ್ಟೇ. ಮೂರನೇ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಬಂದಾಗ ಎಲ್ಲರೂ ಒಂದೇ ಸಾಲಿಗೆ ಬರುತ್ತಾರೆ, ಅಲ್ಲಿ ಕಾನ್ವೆಂಟ್ ಇಂಗ್ಲಿಷ್ ಯಾರನ್ನೂ ಕಾಪಾಡುವುದಿಲ್ಲ. ಎಐಸಿಟಿಇಯ ಇ-ಕುಂಭ್ ತಾಣದಲ್ಲಿ ಎಂಜಿನಿಯರಿಂಗ್ ಪುಸ್ತಕಗಳು ಕನ್ನಡದಲ್ಲೂ ಸಿಗುತ್ತವೆ. ಅರ್ಥವಾಗದ ಪಾಠವನ್ನು ಅಲ್ಲಿ ಓದಿ, ಆಮೇಲೆ ಇಂಗ್ಲಿಷ್ ಪುಸ್ತಕಕ್ಕೆ ಬರಲಿ.

ಇನ್ನು ಮಗಳ ಪ್ರಶ್ನೆಗೆ, ನೇರವಾಗಿ ಅವಳಿಗೇ. ನೋಡಮ್ಮ, ಲ್ಯಾಪ್‌ಟಾಪ್ ಈಗಲೇ ಬೇಡ, ಸೀಟು ಖಾತ್ರಿ ಆದ ಮೇಲೆ ತಗೋ. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಸಾಕು. "ಎಐಗೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು" ಅಂತ ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪ್ ತೋರಿಸುತ್ತಾರೆ, ತಗೋಬೇಡ. ಗೂಗಲ್ ಕೊಲ್ಯಾಬ್, ಕಾಗಲ್ ಅನ್ನುವ ಎರಡು ವೆಬ್‌ಸೈಟಿನಲ್ಲೂ ಒಂದು ಮಿತಿಯವರೆಗೆ ಗ್ರಾಫಿಕ್ಸ್ ಕಾರ್ಡ್ ಪುಕ್ಕಟೆ ಸಿಗುತ್ತದೆ. ಕಲಿಯುವ ಹಂತಕ್ಕೆ ಧಾರಾಳ ಆಯಿತು. ಕೊಲ್ಯಾಬ್ ಮೊಬೈಲಿನ ಬ್ರೌಸರಿನಲ್ಲೂ ತೆರೆಯುತ್ತದೆ, ಪೈಥಾನ್ ಅನ್ನುವ ಕೋಡ್ ಭಾಷೆ ಶುರು ಮಾಡಲು ಅಷ್ಟು ಸಾಕು. ಈ ಎರಡು ತಿಂಗಳಲ್ಲಿ ಲೂಪ್, ಲಿಸ್ಟ್, ಫಂಕ್ಷನ್ ಇಷ್ಟೇ ಕಲಿ. ಉತ್ತರ ಎಐಯಿಂದ ತೆಗೆಸಬೇಡ. ಮೊದಲು ನೀನೇ ಬರೆ, ಆಮೇಲೆ ಅದಕ್ಕೆ ತೋರಿಸಿ ತಪ್ಪು ಎಲ್ಲಿದೆ ಅಂತ ಕೇಳು. ಪಿಯುಸಿ ಗಣಿತದ ಪುಸ್ತಕ ಯಾರಿಗೂ ಕೊಟ್ಟುಬಿಡಬೇಡ. ಮ್ಯಾಟ್ರಿಕ್ಸ್, ಡಿಫರೆನ್ಶಿಯೇಶನ್, ಪ್ರಾಬಬಿಲಿಟಿ, ಈ ಮೂರು ಅಧ್ಯಾಯ ಮತ್ತೆ ಒಂದು ಸಲ ಮಾಡು. ಒಂದು ಲೆಕ್ಕ ಮುಗಿದ ಮೇಲೆ ಅದನ್ನು ಹೇಗೆ ಮಾಡಿದೆ ಅಂತ ಇಂಗ್ಲಿಷಿನಲ್ಲಿ ಅಪ್ಪನಿಗೆ ಜೋರಾಗಿ ಹೇಳು. ಅವರಿಗೆ ಅರ್ಥ ಆಗದಿದ್ದರೂ ಪರವಾಗಿಲ್ಲ, ನಿನ್ನ ಬಾಯಿಗೆ ಅಭ್ಯಾಸ ಆಗಬೇಕು.